ಶುಕ್ರವಾರಕ್ಕೆ ಆಗುತ್ತದೆಯೇ?



ಹೋದ ತಿಂಗಳು ನಮ್ಮ ಸಂಘದ ಸ್ನೇಹಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲಿ ಮೂವರು ನನ್ನನ್ನು ತಡೆದು ಕೇಳಿದಿರಿ: “ಆಂಟಿ, ನೀವು ಹಬ್ಬ, ಹಾಡು, ಅಡುಗೆ ಎಲ್ಲದರ ಬಗ್ಗೆಯೂ ಬರೀತೀರಿ. ಮನೆಯಲ್ಲೇ ಕೂತು ಪರದೇಶದವರ ಜೊತೆ ಕೆಲಸ ಮಾಡೋ ನಮ್ಮ ಪಾಡಿನ ಬಗ್ಗೆ ಯಾವಾಗ ಬರೀತೀರಿ?” ನಾನು ನಕ್ಕು “ನೋಡೋಣ” ಎಂದೆ. ನೀವೂ ನಕ್ಕು ಜಿಲೇಬಿಯ ಕಡೆಗೆ ನಡೆದಿರಿ. ಈ ಆಂಟಿ ಬರೆಯುವುದಿಲ್ಲ ಎಂದು ನಿಮಗೆ ಅರ್ಥವಾಗಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಮನೆಗೆ ಬಂದ ಮೇಲೆ ಆ “ನೋಡೋಣ” ನನ್ನನ್ನು ಬಿಡಲಿಲ್ಲ. ಏಕೆಂದರೆ ಇಂಥದೇ ಒಂದು ಮಾತಿನಿಂದ ನಮ್ಮ ಮನೆಯ ಹುಡುಗಿಯೊಬ್ಬಳು ಮೂರು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿರಲಿಲ್ಲ. ಅದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. ಹೆಸರು ಹಾಕಬಾರದೆಂಬ ಕರಾರಿನ ಮೇಲೆ ಒಪ್ಪಿದ್ದಾಳೆ.

ಇದನ್ನೆಲ್ಲ ಬರೆಯಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ನಾನು ಗೃಹಿಣಿ. ಧಾರವಾಡದಲ್ಲಿ ಇಂಗ್ಲಿಷ್ ವಿಷಯ ತೆಗೆದುಕೊಂಡು ಬಿ.ಎ. ಮಾಡಿ, 1992ರಲ್ಲಿ ಮದುವೆಯಾಗಿ ಪುಣೆಗೆ ಬಂದವಳು. ಆಫೀಸಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಆಫೀಸೇ ನನ್ನ ನಡುಮನೆಗೆ ಬಂದು ಕುಳಿತಿತು. ನಮ್ಮ ಮನೆಯಿಂದ ಅದು ಇನ್ನೂ ಎದ್ದು ಹೋಗಿಲ್ಲ. ಮೀಟಿಂಗು ನಡೆಯುವಾಗ ಕುಕ್ಕರಿನ ಸೀಟಿ ಕೂಗದಂತೆ ನೋಡಿಕೊಳ್ಳುವವಳು ನಾನು. ಒಗ್ಗರಣೆಯ ಸೌಟು ಹಿಡಿದು ನಿಂತವಳಿಗೆ ಎಷ್ಟೆಲ್ಲ ಕಿವಿಗೆ ಬೀಳುತ್ತದೆ ಎಂಬುದನ್ನು ದೊಡ್ಡ ದೊಡ್ಡ ಕಂಪೆನಿಗಳು ಊಹಿಸಿರಲಾರವು.

ಮಗಳು ಜರ್ಮನಿಯ ಒಂದು ಕಂಪೆನಿಗೆ ಕೆಲಸ ಮಾಡುತ್ತಾಳೆ. ಕೂರುವುದು ಕೋಥರೂಡಿನ ನಮ್ಮ ಫ್ಲ್ಯಾಟಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ. ಅವಳ ಟೀಮಿನ ಮುಖ್ಯಸ್ಥರು ಹ್ಯಾಂಬರ್ಗಿನಲ್ಲಿ, ಇಬ್ಬರು ಜಪಾನಿನ ಒಸಾಕಾದಲ್ಲಿ, ಒಬ್ಬಾಕೆ ಪ್ಯಾರಿಸಿನಲ್ಲಿ, ಒಬ್ಬ ಅಮೆರಿಕದ ಶಿಕಾಗೋದಲ್ಲಿ. ಈ ಆರು ಜನ ಒಂದೇ ಕೋಣೆಯಲ್ಲಿ ಸೇರಿದ್ದು ಇಂದಿನವರೆಗೂ ಇಲ್ಲ.

ಅವಳು ಸೇರಿ ಐದಾರು ತಿಂಗಳಾಗಿತ್ತು. ಒಂದು ಮಂಗಳವಾರ ಮುಖ್ಯಸ್ಥರು, ಈ ಕೆಲಸ ಶುಕ್ರವಾರಕ್ಕೆ ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲವೆಂದು ಇವಳಿಗೆ ಖಚಿತವಾಗಿ ಗೊತ್ತಿತ್ತು. ಹೇಳಿದ್ದು ಮಾತ್ರ “ಯೆಸ್, ಐ ವಿಲ್ ಟ್ರೈ ಮೈ ಬೆಸ್ಟ್.” ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಆ ದನಿ ಕೇಳಿದೊಡನೆ ತಿಳಿಯಿತು, ಇದು ಆಗುವ ಕೆಲಸವಲ್ಲ. ಹ್ಯಾಂಬರ್ಗಿನಲ್ಲಿ ಕುಳಿತವರಿಗೆ ತಿಳಿಯಲಿಲ್ಲ. ಅವರು ಆ “ಯೆಸ್” ಅನ್ನು ನಂಬಿ ಗಿರಾಕಿಗೆ ಮಾತು ಕೊಟ್ಟರು. ಶುಕ್ರವಾರ ಬಂತು, ಕೆಲಸ ಆಗಿರಲಿಲ್ಲ. ಅವರು ಕೂಗಾಡಲಿಲ್ಲ. ಎರಡೇ ಸಾಲು ಬರೆದರು: ಮಂಗಳವಾರ ನೀವು ಹೌದು ಎಂದಿರಿ. ಆಗುವುದಿಲ್ಲವೆಂದು ನಿಮಗೆ ಗೊತ್ತಾದದ್ದು ಯಾವಾಗ?

ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಮೂರು ತಿಂಗಳು ಅವರು ಇವಳನ್ನು ಯಾವ ಕೆಲಸಕ್ಕೂ ದಿನಾಂಕ ಕೇಳಲಿಲ್ಲ. ಇವಳ ಕೆಲಸದ ದಿನಾಂಕವನ್ನೂ ಪ್ಯಾರಿಸಿನಾಕೆಯನ್ನೇ ಕೇಳುತ್ತಿದ್ದರು. ಸೌಜನ್ಯಕ್ಕೆ ಕೊರತೆಯಿರಲಿಲ್ಲ, ನಂಬಿಕೆ ಇರಲಿಲ್ಲ ಅಷ್ಟೇ. ಒಂದು ರಾತ್ರಿ ಊಟ ಬೇಡವೆಂದು ಕುಳಿತವಳ ಹತ್ತಿರ ನಾನು ಹೋಗಿ ಕೇಳಿದೆ.

“ಆಗೂದಿಲ್ಲ ಅಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಮತ್ತ ಹೇಳಬೇಕಿತ್ತಲ್ಲ?”

“ಹಂಗ ಮಾರಿ ಮ್ಯಾಲೆ ಹೆಂಗ ಇಲ್ಲ ಅನ್ನಲಿ? ದೊಡ್ಡವರಿಗೆ ಇಲ್ಲ ಅನಬಾರದು ಅಂತ ನೀನ ಕಲಿಸೀಯಲ್ಲ ಅಮ್ಮಾ.”

ನಾನು ಸುಮ್ಮನಾದೆ. ಏಕೆಂದರೆ ಅದು ನಿಜ. ಅವಳಿಗೆ ಒಂಬತ್ತು ವರ್ಷವಿದ್ದಾಗ ಪಕ್ಕದ ಮನೆಯ ಕಾಕು, ಗಣಪತಿಯ ಆರತಿಗೆ ದಿನಾ ಬಂದು ಗಂಟೆ ಬಾರಿಸುತ್ತೀಯಾ ಎಂದು ಕೇಳಿದ್ದರು. ಇವಳು, “ಇಲ್ಲ ಕಾಕು, ನನಗೆ ಪರೀಕ್ಷೆ ಇದೆ, ಆಗುವುದಿಲ್ಲ” ಎಂದು ನೇರವಾಗಿ ಹೇಳಿ ಬಂದಳು. ನಾನು ಅವಳ ಕೈಹಿಡಿದು ತಿರುಗಿ ಕರೆದುಕೊಂಡು ಹೋಗಿ, ತಪ್ಪಾಯಿತು ಅನ್ನಿಸಿ, “ನೋಡ್ತೀನಿ ಕಾಕು” ಎಂದು ಹೇಳಿಸಿಕೊಂಡು ಬಂದೆ. ಪರೀಕ್ಷೆ ಇದ್ದದ್ದು ನಿಜ, ಹೋಗಲು ಆಗದಿದ್ದದ್ದೂ ನಿಜ. ನಿಜ ಹೇಳಿದ ಮಗುವಿನಿಂದ ನಾನು ಕ್ಷಮೆ ಕೇಳಿಸಿದ್ದೆ. ಆಗ ಅದು ಸಂಸ್ಕಾರ ಅನ್ನಿಸಿತ್ತು. ಈಗಲೂ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಆದರೆ ಹ್ಯಾಂಬರ್ಗಿನ ಆ ಎರಡು ಸಾಲಿನ ಹಿಂದೆ ನನ್ನ ಕೈವಾಡವೂ ಇದೆ ಎಂಬುದನ್ನು ಒಪ್ಪಲೇಬೇಕಾಯಿತು.

ನಮ್ಮ ಕನ್ನಡದಲ್ಲಿ ಇಲ್ಲ ಎನ್ನಲು ಎಷ್ಟು ದಾರಿಗಳಿವೆ, ಲೆಕ್ಕ ಹಾಕಿ ನೋಡಿ. ನೋಡೋಣ. ಮನೆಯಲ್ಲಿ ಕೇಳಿ ಹೇಳ್ತೀನಿ. ದೇವರು ನಡೆಸಿಕೊಟ್ಟರೆ. ನಿಮ್ಮ ಮಾತು ಮೀರಲಿಕ್ಕಾಗುತ್ತದೆಯೇ? ಇನ್ನು “ಹ್ಞೂಂ” ಎನ್ನುವುದು ಒಪ್ಪಿಗೆಯೇ ಅಲ್ಲ. ನೀವು ಹೇಳುತ್ತಿರುವುದು ಕೇಳಿಸುತ್ತಿದೆ, ಮುಂದುವರಿಸಿ ಎಂದಷ್ಟೇ ಅದರ ಅರ್ಥ. ಮನೆಯಿಂದ ಹೊರಡುವಾಗ ನಾವು “ಹೋಗ್ತೀನಿ” ಎನ್ನುವುದಿಲ್ಲ, “ಬರ್ತೀನಿ” ಎನ್ನುತ್ತೇವೆ. ಇಲ್ಲಿ ಮರಾಠಿಯವರೂ “ಯೇತೋ” ಎಂದೇ ಹೇಳುತ್ತಾರೆ. ಇದನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿ ಒಬ್ಬ ಜರ್ಮನಿಯವರಿಗೆ ಹೇಳಿ ಹೊರಟುಬಿಟ್ಟರೆ, ಪಾಪ, ಅವರು ಚಹಾ ಇಟ್ಟುಕೊಂಡು ಕಾಯುತ್ತಿರುತ್ತಾರೆ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಎಂಬವರು 1976ರಲ್ಲಿ ‘ಬಿಯಾಂಡ್ ಕಲ್ಚರ್’ ಎಂಬ ಪುಸ್ತಕ ಬರೆದರು. ಕೆಲವು ಸಮಾಜಗಳಲ್ಲಿ ಮಾತಿನ ಅರ್ಥ ಮಾತಿನಲ್ಲೇ ಇರುತ್ತದೆ; ಇನ್ನು ಕೆಲವು ಸಮಾಜಗಳಲ್ಲಿ ಅದರ ದೊಡ್ಡ ಪಾಲು ಮಾತಿನ ಸುತ್ತ, ಅಂದರೆ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಹೇಗೆ ಹೇಳಿದರು ಎಂಬುದರಲ್ಲಿ ಇರುತ್ತದೆ ಎಂಬುದು ಅವರ ವಿಚಾರ. ನಮಗೆ ಇದನ್ನು ತಿಳಿಯಲು ಪುಸ್ತಕವೇನೂ ಬೇಡ. ಅತ್ತೆ ಪಡಸಾಲೆಯಲ್ಲಿ ಕುಳಿತು “ಒಲಿ ಮ್ಯಾಲೆ ಹಾಲು ಅದ” ಎಂದರೆ ಸೊಸೆ ಎದ್ದು ಓಡುತ್ತಾಳೆ. ಹ್ಯಾಂಬರ್ಗಿನ ಸೊಸೆಯಾದರೆ “ಹೌದು, ಇದೆ” ಎಂದು ಕುಳಿತೇ ಇರುತ್ತಾಳೆ. ಅವಳು ಉದ್ಧಟಳಲ್ಲ. ಅತ್ತೆ ಹೇಳಿದ ಸಂಗತಿಗೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾಳೆ. ಹಾಲು ಮಾತ್ರ ಉಕ್ಕುತ್ತದೆ.

ಹಾಗಾದರೆ ನಮ್ಮ “ನೋಡೋಣ” ಸುಳ್ಳೇ? ಖಂಡಿತ ಅಲ್ಲ. ಅದು ಅರ್ಧ ಮಾತು. ಉಳಿದ ಅರ್ಧ ನಮ್ಮ ಕಣ್ಣಿನಲ್ಲಿ, ದನಿಯ ಇಳಿತದಲ್ಲಿ, ಸೆರಗು ಸರಿಮಾಡಿಕೊಳ್ಳುವ ರೀತಿಯಲ್ಲಿ ಇರುತ್ತದೆ. ಎದುರಿಗಿದ್ದವರು ಎರಡನ್ನೂ ಕೂಡಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ದೂರದ ಕೆಲಸದಲ್ಲಿ ಆಗುವ ಪಜೀತಿ ಇದೇ ನೋಡಿ. ಕ್ಯಾಮೆರಾ ಆರಿಸಿರುತ್ತೀರಿ, ಇಲ್ಲವೇ ಬರಿಯ ಅಕ್ಷರದಲ್ಲಿ ಬರೆಯುತ್ತೀರಿ. ಆಗ ಮಾತಿನ ಅರ್ಧವಷ್ಟೇ ಹೋಗಿ ಮುಟ್ಟುತ್ತದೆ, ಇನ್ನರ್ಧ ಕೋಥರೂಡಿನ ಕಿಟಕಿಯಲ್ಲೇ ಉಳಿಯುತ್ತದೆ. ಅಂದು ಅವರು ಎದುರಿಗಿದ್ದಿದ್ದರೆ ನನ್ನ ಮಗಳ ಮೋರೆ ನೋಡಿಯೇ “ಕಷ್ಟವೇನಮ್ಮಾ?” ಎಂದು ಕೇಳುತ್ತಿದ್ದರೋ ಏನೋ.

ನೇರ ಮಾತಿನ ವಿಷಯದಲ್ಲಿ ನನ್ನದೇ ಒಂದು ಅನುಭವ ಹೇಳುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಸದಾಶಿವ ಪೇಟೆಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಬಿಡಾರ. ಪುಣೆಯ ಬೋರ್ಡುಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ‘ಪುಣೇರಿ ಪಾಟಿ’ ಎಂದು ಅವು ಊರೂರಿಗೆ ಪ್ರಸಿದ್ಧ. ನಮ್ಮ ಮೆಟ್ಟಿಲಿನಲ್ಲೂ ಒಂದಿತ್ತು: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ತಟ್ಟಬಾರದು. ಧಾರವಾಡದಲ್ಲಿ ಮಧ್ಯಾಹ್ನ ಬಂದ ನೆಂಟರಿಗೆ ಎಲೆ ಹಾಕಿ ಅಭ್ಯಾಸವಿದ್ದ ನನಗೆ ಅದನ್ನು ಓದಿಯೇ ಮೈಯುರಿಯಿತು. ಮೂರನೆಯ ದಿನ ಮನೆಯೊಡತಿ ಬಂದು, “ನಿನ್ನ ಕುಟ್ಟಾಣಿಯ ಸದ್ದಿಗೆ ನನಗೆ ನಿದ್ದೆ ಬರುವುದಿಲ್ಲ, ನಾಲ್ಕರ ಮೇಲೆ ಕುಟ್ಟು” ಎಂದರು. ಪೀಠಿಕೆಯಿಲ್ಲ, ನಗೆಯಿಲ್ಲ. ನಾನು ಎರಡು ದಿನ ಅತ್ತೆ. ಊರಿಗೆ ಕಾಗದವನ್ನೂ ಬರೆದೆ. ಆ ವರ್ಷದ ಮಳೆಗಾಲದಲ್ಲಿ ನನಗೆ ವಿಷಮಜ್ವರ ಬಂದಾಗ, ಮೂರು ವಾರ ದಿನವೂ ವರಣ-ಭಾತ ಮಾಡಿ ತಂದು, “ಉಪ್ಪು ಕಡಿಮೆ ಹಾಕಿದ್ದೇನೆ, ಮುಖ ಸೊಟ್ಟ ಮಾಡದೆ ತಿನ್ನು” ಎಂದವರೂ ಅವರೇ. ಅವರಿಗೆ ಕುಟ್ಟಾಣಿಯ ಮೇಲೆ ಸಿಟ್ಟಿತ್ತು, ನನ್ನ ಮೇಲೆ ಇರಲಿಲ್ಲ. ಅದು ನನ್ನ ತಲೆಗೆ ಹೋಗಲು ಒಂದು ಕಾಯಿಲೆ ಬೇಕಾಯಿತು. (ಹಾಗೆಂದು ಅವರೂ ಎಲ್ಲದರಲ್ಲಿ ನೇರವಲ್ಲ. ಮನೆ ಬಿಡುವಾಗ ಡಿಪಾಜಿಟ್ಟು ಕೇಳಿದರೆ “ಬಘೂ” ಎಂದರು. ಅದು ನಮ್ಮ “ನೋಡೋಣ”ದ ಸಾಕ್ಷಾತ್ ಅಕ್ಕ.)

ಜರ್ಮನಿಯವರು ಮಗಳ ಕೆಲಸದ ಪಕ್ಕದಲ್ಲಿ “ಇದು ತಪ್ಪು, ಹೀಗಲ್ಲ” ಎಂದು ಎಲ್ಲರಿಗೂ ಕಾಣುವಂತೆ ಬರೆದಾಗ ಅವಳ ಮುಖ ಬಾಡಿತು. ನಾನು ಅವಳಿಗೆ ಈ ಕುಟ್ಟಾಣಿಯ ಕಥೆ ಹೇಳಿದೆ. ಅವರಲ್ಲಿ ಕೆಲಸವನ್ನು ತಪ್ಪು ಎನ್ನುವುದು ಬೇರೆ, ಮಾಡಿದವರನ್ನು ಕೆಟ್ಟವರು ಎನ್ನುವುದು ಬೇರೆ. ಶಿಕಾಗೋದವನದು ಇದಕ್ಕೆ ಪೂರ್ತಿ ವಿರುದ್ಧ. ಅವನು ಮೊದಲು ಮೂರು ಸಲ “ಗ್ರೇಟ್” ಎಂದು, ನಾಲ್ಕನೆಯ ಮಾತಿನಲ್ಲಿ, ಇದನ್ನು ಹೀಗೂ ಯೋಚಿಸಬಹುದೇನೋ ಎಂದು ಮೆಲ್ಲಗೆ ಸೇರಿಸುತ್ತಾನೆ. ಇವಳು ಮೂರು “ಗ್ರೇಟ್”ಗಳನ್ನು ಎಣಿಸಿಕೊಂಡು ಖುಷಿಯಾಗಿದ್ದಳು. ಕೆಲಸದ ಮಾತು ಆ ನಾಲ್ಕನೆಯದರಲ್ಲಿತ್ತು, ಅದು ಜಾರಿಹೋಗಿತ್ತು. ಸಿಹಿಯ ಕೆಳಗೆ ಔಷಧಿ ಇಟ್ಟು ಕೊಡುವ ನಮ್ಮ ಅಜ್ಜಿಯರ ಉಪಾಯವೇ ಅದು; ಅಮೆರಿಕದಲ್ಲಿ ಇರಬಹುದೆಂದು ನಾವು ಅಂದುಕೊಂಡಿರಲಿಲ್ಲ.

ಎಲ್ಲರೂ ಮಾತಾಡುವುದು ಇಂಗ್ಲಿಷಿನಲ್ಲಿ ತಾನೇ, ತೊಡಕೇನು ಎನ್ನುತ್ತೀರಾ? ಇಂಗ್ಲಿಷ್ ಓದಿದವಳಾಗಿ ಹೇಳುತ್ತೇನೆ, ತೊಡಕು ಇರುವುದೇ ಅಲ್ಲಿ. ಬ್ರಿಟಿಷರು “ಕ್ವೈಟ್ ಗುಡ್” ಎಂದರೆ ಸಾಮಾನ್ಯವಾಗಿ ಪರವಾಗಿಲ್ಲ ಎಂದು; ಅಮೆರಿಕದವರ ಬಾಯಲ್ಲಿ ಅದೇ ಮಾತು ಬಹಳ ಚೆನ್ನಾಗಿದೆ ಎಂದಾಗುತ್ತದೆ. ಸಭೆಯಲ್ಲಿ ಒಂದು ವಿಷಯವನ್ನು “ಟೇಬಲ್” ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತರುವುದು, ಅಮೆರಿಕದಲ್ಲಿ ಪಕ್ಕಕ್ಕೆ ಇಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಈ ಒಂದು ಪದಕ್ಕಾಗಿ ದೀರ್ಘ ವಾಗ್ವಾದ ನಡೆಸಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಇನ್ನು ನಮ್ಮ ಇಂಗ್ಲಿಷ್! “ಐ ಹ್ಯಾವ್ ಎ ಡೌಟ್” ಎಂದು ನಾವು ಪ್ರಶ್ನೆ ಕೇಳಲು ಹೇಳುತ್ತೇವೆ, ಕೇಳಿದವರಿಗೆ ತಮ್ಮ ಮಾತಿನ ಮೇಲೆ ಅನುಮಾನಪಟ್ಟಂತೆ ಅನ್ನಿಸುತ್ತದೆ. “ಪ್ರೀಪೋನ್” ಎಂಬುದು ನಮ್ಮ ಕಡೆ ಬಳಕೆಯಲ್ಲಿರುವ ಸೊಗಸಾದ ಪದ, ನನಗಂತೂ ಬಹಳ ಇಷ್ಟ. ಆದರೆ ಒಸಾಕಾದವರು ಅದನ್ನು ಯಾವ ಪಠ್ಯಪುಸ್ತಕದಲ್ಲೂ ಓದಿರುವುದಿಲ್ಲ.

ಇದು ಬರಿಯ ನಗೆಚಾಟಿಕೆಯ ಸಂಗತಿಯಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣಗಳು ಹಲವಿದ್ದವು, ದಟ್ಟ ಮಂಜು ಇತ್ತು, ನಿಲ್ದಾಣದಲ್ಲಿ ವಿಪರೀತ ದಟ್ಟಣೆಯೂ ಇತ್ತು. ಅವುಗಳ ನಡುವೆ ಒಂದು ಸಣ್ಣ ಮಾತೂ ಇತ್ತು. ಹೊರಟಿದ್ದ ಡಚ್ ವಿಮಾನದಿಂದ ರೇಡಿಯೋದಲ್ಲಿ, ನಾವು ಈಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಇಂಗ್ಲಿಷ್ ಮಾತು ಬಂತು. ಸ್ಪೇನಿನ ನಿಯಂತ್ರಕರು, ಟೇಕಾಫ್ ಆಗುವ ಜಾಗದಲ್ಲಿ ಕಾಯುತ್ತಿದ್ದಾರೆ ಎಂದು ತಿಳಿದು “ಓಕೆ” ಎಂದರು. ತಡೆದು ನಿಲ್ಲಿ ಎಂದು ಅವರು ಹೇಳಿದ ಮುಂದಿನ ಮಾತು, ಅದೇ ಗಳಿಗೆಯಲ್ಲಿ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ, ಸರಿಯಾಗಿ ಕೇಳಿಸಲಿಲ್ಲ. ವಿಮಾನ ಆಗಲೇ ಓಡುತ್ತಿತ್ತು. ಅಂದಿನಿಂದ ವಿಮಾನಯಾನದವರು ಪಾಠ ಕಲಿತರು. ಹೊರಡಲು ಅನುಮತಿ ಕೊಡುವಾಗ ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ “ಟೇಕಾಫ್” ಎಂಬ ಪದ ಬಳಸಬೇಕು; ಕೊಟ್ಟ ಅನುಮತಿಯನ್ನು ಪೈಲಟ್ ಮತ್ತೆ ಬಾಯಿಬಿಟ್ಟು ಒಪ್ಪಿಸಬೇಕು, ಬರಿಯ “ಓಕೆ” ಸಾಲದು.

ಮಗಳು ಈಗ ಇದನ್ನೇ ಮಾಡುತ್ತಾಳೆ. ಪ್ರತಿ ಮೀಟಿಂಗಿನ ಕೊನೆಗೆ, ನಾನು ಅರ್ಥ ಮಾಡಿಕೊಂಡದ್ದು ಇಷ್ಟು, ಮಾಡಬೇಕಾದವರು ಇವರು, ದಿನಾಂಕ ಇದು, ತಪ್ಪಿದ್ದರೆ ತಿದ್ದಿ ಎಂದು ನಾಲ್ಕು ಸಾಲು ಬರೆದು ಕಳಿಸುತ್ತಾಳೆ. ದಿನಾಂಕ ಎಂದ ಕೂಡಲೇ ನೆನಪಾಯಿತು: 4/3 ಎಂದು ಬರೆದರೆ ನಮಗೆ ಮಾರ್ಚ್ 4, ಶಿಕಾಗೋದವನಿಗೆ ಏಪ್ರಿಲ್ 3. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಗಡಿಯಾರದ ಕಥೆ ಇನ್ನೂ ದೊಡ್ಡದು. ಶಿಕಾಗೋದವನೊಂದಿಗೆ ಅವನ ಬೆಳಗಿನ ಒಂಬತ್ತಕ್ಕೆ ಮೀಟಿಂಗು. ಚಳಿಗಾಲದಲ್ಲಿ ಅದು ನಮ್ಮ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಅಮೆರಿಕದವರು ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ. ಯುರೋಪಿನವರು ಅದೇ ಕೆಲಸವನ್ನು ಮಾರ್ಚಿನ ಕೊನೆಯ ಭಾನುವಾರ ಮಾಡುತ್ತಾರೆ. ಜಪಾನಿನವರೂ ನಾವೂ ಏನೂ ಮಾಡುವುದಿಲ್ಲ. ಆ ನಡುವಿನ ಎರಡು ಮೂರು ವಾರ ದೇವರಿಗೇ ಪ್ರೀತಿ. ಒಂದು ಮಾರ್ಚಿನಲ್ಲಿ ನಾನು ಅಡುಗೆಮನೆಯ ಕ್ಯಾಲೆಂಡರ್ ನೋಡಿ, “ಇನ್ನೂ ಒಂದು ತಾಸು ಅದ, ಬಿಸಿ ಬಿಸಿ ಊಟ ಮಾಡಿಬಿಡು” ಎಂದು ಅವಳನ್ನು ಕೂರಿಸಿ ಬಡಿಸಿದೆ. ಮೊಬೈಲು ಚಾರ್ಜಿಗೆ ಹಚ್ಚಿತ್ತು. ಅವಳು ಕೈತೊಳೆದು ಬರುವಷ್ಟರಲ್ಲಿ ಮೀಟಿಂಗು ಮುಗಿದಿತ್ತು. ಅಂದಿನಿಂದ ಅವಳ ಸಮಯದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಹಬ್ಬಗಳನ್ನೂ ಪರಸ್ಪರ ತಿಳಿದಿರಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ರಜೆಗಳ ಸರಮಾಲೆ. ಫ್ರಾನ್ಸಿನಲ್ಲಿ ಆಗಸ್ಟ್ ಎಂದರೆ ಅರ್ಧ ದೇಶವೇ ಊರಲ್ಲಿರುವುದಿಲ್ಲ. ಅಲ್ಲಿ 2017ರ ಜನವರಿಯಿಂದ, 50ರ ಮೇಲೆ ನೌಕರರಿರುವ ಕಂಪೆನಿಗಳು ಕೆಲಸದ ವೇಳೆಯ ಆಚೆಗೆ ಫೋನು, ಈ-ಮೇಲ್ ನೋಡದಿರುವ ಹಕ್ಕಿನ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂದು ಕಾನೂನೇ ಇದೆ. ಪ್ಯಾರಿಸಿನಾಕೆ ರಾತ್ರಿ ಉತ್ತರ ಕೊಡುವುದಿಲ್ಲವೆಂದು ನನ್ನ ಮಗಳು ಒಮ್ಮೆ ಗೊಣಗಿದಳು. ಆಕೆ ಮಾಡುತ್ತಿರುವುದೇ ಸರಿ, ನೀನೂ ರಾತ್ರಿ ಉತ್ತರ ಕೊಡಬೇಡ ಎಂದು ನಾನು ಹೇಳಿದೆ. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ಫ್ರಾನ್ಸಿನ ಪಕ್ಷ.

ಹೆಸರಿನ ವಿಷಯ ಒಂದಿಷ್ಟು ಹೇಳಿ ಮುಂದೆ ಹೋಗುತ್ತೇನೆ. ನನ್ನ ತಂಗಿಯನ್ನು ಕೊಟ್ಟದ್ದು ಮೈಸೂರಿನ ಕಡೆಗೆ. ಅವರಲ್ಲಿ ನಮ್ಮ ಹಾಗೆ ಅಡ್ಡಹೆಸರಿಲ್ಲ, ಬರಿಯ ಇನಿಷಿಯಲ್ಲು. ಅವಳ ಮಗನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇಕೆಂದು ಅಜ್ಜನ ಹೆಸರನ್ನು ಹಾಕಿಸಿದರು. ಪರದೇಶದ ಕಂಪೆನಿಯಲ್ಲಿ ಅದೇ ಅವನ ಹೆಸರೆಂದು ತಿಳಿದುಬಿಟ್ಟರು. ಗಂಡನ ಹೆಸರನ್ನು ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಆ ಮನೆಯ ಅಜ್ಜಿಗೆ, ಲ್ಯಾಪ್‌ಟಾಪಿನಿಂದ ಯಾರೋ ಇಪ್ಪತ್ತೈದರ ಹುಡುಗಿ ಆ ಹೆಸರು ಹಿಡಿದು “ಹಾಯ್” ಎಂದು ಕರೆಯುವುದನ್ನು ದಿನವೂ ಕೇಳುವ ಯೋಗ. ಹುಡುಗ ಸಂಕೋಚಪಟ್ಟು ಒಂದು ವರ್ಷ ತಿದ್ದಲೇ ಇಲ್ಲ. ಕಡೆಗೊಮ್ಮೆ ಹೇಳಿದಾಗ ಆ ಹುಡುಗಿ ಕೇಳಿದ್ದು, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು. ಮತ್ತೆ ಅದೇ ಪ್ರಶ್ನೆ, ನೋಡಿದಿರಾ?

ಕಂಪೆನಿಯವರು ಈ ಎಲ್ಲಕ್ಕೂ ಮದ್ದು ಎಂದು ಎರಡು ತಾಸಿನ ತರಬೇತಿ ವಿಡಿಯೋ ಕಳಿಸಿದ್ದರು. ನಾನೂ ಪಕ್ಕದಲ್ಲಿ ಕುಳಿತು ನೋಡಿದೆ. ಜಪಾನಿನಲ್ಲಿ ಎಷ್ಟು ಬಾಗಿ ನಮಸ್ಕರಿಸಬೇಕು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹೇಗೆ ಕೊಡಬೇಕು ಎಂದೆಲ್ಲ ಇತ್ತು. ಮನೆಯಲ್ಲಿ ಕುಳಿತವರು ಕಾರ್ಡನ್ನು ಯಾರ ಕೈಗೆ ಕೊಡಬೇಕೋ ತಿಳಿಯಲಿಲ್ಲ. ಇಂಥ ತರಬೇತಿಗಳಲ್ಲಿ ನನಗೆ ಹಿಡಿಸದ ಸಂಗತಿಯೆಂದರೆ ಇಡೀ ದೇಶವನ್ನು ಒಂದೇ ಮೂಟೆಯಲ್ಲಿ ಕಟ್ಟಿಡುವುದು. ಡಚ್ ವಿದ್ವಾಂಸ ಗೇರ್ಟ್ ಹಾಫ್‌ಸ್ಟೆಡ್ ಅವರು 1967ರಿಂದ 1973ರವರೆಗೆ ಐ.ಬಿ.ಎಂ. ಕಂಪೆನಿಯ ಅನೇಕ ದೇಶಗಳ ನೌಕರರಿಂದ ಉತ್ತರಗಳನ್ನು ಸಂಗ್ರಹಿಸಿ 1980ರಲ್ಲಿ ಪ್ರಸಿದ್ಧವಾದ ಒಂದು ಗ್ರಂಥ ಪ್ರಕಟಿಸಿದರು. ಮೇಲಿನವರಿಗೆ ಎದುರಾಡುವ ವಿಷಯದಲ್ಲಿ ಭಾರತದವರ ಸಂಕೋಚ ಜರ್ಮನಿಯವರಿಗಿಂತ ಬಹಳ ಹೆಚ್ಚು ಎಂದು ಅದರಿಂದ ತಿಳಿಯುತ್ತದೆ. ಆದರೆ ಅದು ದೇಶದ ಸರಾಸರಿ, ವ್ಯಕ್ತಿಯ ಜಾತಕವಲ್ಲ ಎಂಬುದನ್ನು ಅವರೇ ಎಚ್ಚರಿಸಿದ್ದಾರೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲವನ್ನೂ ಒಟ್ಟು ಸೇರಿಸಿ “ಮದ್ರಾಸಿ” ಎಂದು ಶಾಲೆಯಲ್ಲಿ ಕರೆಸಿಕೊಂಡವರು ನೀವು. ಟಿಫಿನ್ ಡಬ್ಬಿ ತೆಗೆದಾಗಲೆಲ್ಲ ಇಡ್ಲಿಯೇ ಇರುತ್ತದೆ ಎಂದುಕೊಂಡವರ ಮುಂದೆ ಜೋಳದ ರೊಟ್ಟಿ ತಿಂದವರು. ಆ ಉರಿ ನೆನಪಿದ್ದರೆ “ಜಪಾನಿನವರೇ ಹೀಗೆ” ಎಂಬ ಮಾತು ನಿಮ್ಮ ಬಾಯಿಂದ ಅಷ್ಟು ಸುಲಭವಾಗಿ ಬರಲಾರದು.

ಈಗ ಒಸಾಕಾದ ಮಾತಿಗೆ ಬರುತ್ತೇನೆ. ಮಗಳ ಬದುಕು ಸರಿಹೋದದ್ದು ಅಲ್ಲಿಂದ. ಒಂದು ದಿನ ಮುಖ್ಯಸ್ಥರು ಒಸಾಕಾದ ಸಹೋದ್ಯೋಗಿಯನ್ನು ಕೇಳಿದರು, ಈ ಭಾಗವನ್ನು ಹೀಗೆ ಬದಲಾಯಿಸಬಹುದೇ ಎಂದು. ಆತ ಬಹಳ ಹೊತ್ತು ಸುಮ್ಮನಿದ್ದು, ಅದು ಸ್ವಲ್ಪ ಕಷ್ಟವಾಗಬಹುದು ಎಂದರು. ಮುಖ್ಯಸ್ಥರು, ಕಷ್ಟವಿದೆ ಆದರೆ ಮಾಡುತ್ತಾರೆ ಎಂದು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ನನ್ನ ಮಗಳ ಕಿವಿ ನಿಮಿರಿತು. ಆ ಮೌನ, ಆ “ಸ್ವಲ್ಪ ಕಷ್ಟ” ಅವಳಿಗೆ ಗುರುತಿನದು. ಅಚ್ಚ ಧಾರವಾಡದ “ನೋಡೋಣ” ಅದು! ಜಪಾನಿನಲ್ಲಿ “ಹೈ” ಎಂದರೂ ಬಹಳ ಸಲ ನಮ್ಮ “ಹ್ಞೂಂ”ನಂತೆ ಕೇಳಿಸುತ್ತಿದೆ ಎಂದಷ್ಟೇ ಅರ್ಥವಂತೆ. ಬಾಯಿಬಿಟ್ಟು ಹೇಳದ್ದನ್ನು ಗ್ರಹಿಸುವುದಕ್ಕೆ ಅವರ ಭಾಷೆಯಲ್ಲಿ ಗಾಳಿಯನ್ನು ಓದುವುದು ಎಂಬ ನುಡಿಗಟ್ಟೇ ಇದೆ.

ಅವಳು ಸಭೆಯಲ್ಲಿ ಬಾಯಿ ಹಾಕಲಿಲ್ಲ. ಹಾಕಿದ್ದರೆ ಎಲ್ಲರ ಮುಂದೆ ಅವರಿಗೆ ಮುಜುಗರವಾಗುತ್ತಿತ್ತು. ಆಮೇಲೆ ಅವರೊಬ್ಬರಿಗೇ ಬರೆದಳು. ಆಗುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಯಾವ ಭಾಗ ಕಷ್ಟ, ಏನು ಬದಲಾದರೆ ಸುಲಭವಾಗುತ್ತದೆ ಎಂದು ಕೇಳಿದಳು. ಮರುದಿನ ಒಂದು ಇಡೀ ಪುಟದ ಉತ್ತರ ಬಂತು. ಆ ಬದಲಾವಣೆ ಆಗುವಂಥದೇ ಅಲ್ಲವೆಂದೂ, ಮಾಡಿದರೆ ಹಿಂದಿನದೆಲ್ಲ ಕೆಡುತ್ತದೆಂದೂ, ಬೇರೆ ದಾರಿ ಹೀಗಿದೆಯೆಂದೂ ವಿವರವಾಗಿತ್ತು. ಅವರ ಒಪ್ಪಿಗೆ ಪಡೆದು ಅದನ್ನು ಹ್ಯಾಂಬರ್ಗಿಗೆ ತಲುಪಿಸಿದಳು. ಎರಡು ವಾರದ ವ್ಯರ್ಥ ಕೆಲಸ ಉಳಿಯಿತು. ಮುಖ್ಯಸ್ಥರು ಅಂದೇ ಅವಳಿಗೆ ಫೋನು ಮಾಡಿ, ನಿಮಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿದರು. ಇವಳು ಧೈರ್ಯ ಮಾಡಿ ತನ್ನ ಆ ಮಂಗಳವಾರದ “ಯೆಸ್”ನ ಕಥೆಯನ್ನೂ ಬಿಚ್ಚಿ ಹೇಳಿದಳು. ಆಗ ಅವರು ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ: ಕೆಟ್ಟ ಸುದ್ದಿ ಮಂಗಳವಾರ ಸಿಕ್ಕರೆ ನನಗೆ ಉಪಯೋಗ, ಶುಕ್ರವಾರ ಸಿಕ್ಕರೆ ಏನೂ ಮಾಡಲಾರೆ. ನಾನೂ ಇನ್ನು ಮೇಲೆ ಪ್ರಶ್ನೆಯನ್ನು ಬೇರೆ ಥರ ಕೇಳುತ್ತೇನೆ. ಈಗ ಅವರು ಶುಕ್ರವಾರಕ್ಕೆ ಆಗುತ್ತದೆಯೇ ಎಂದು ಕೇಳುವುದಿಲ್ಲವಂತೆ; ಯಾವತ್ತಿಗೆ ಆದೀತು ಎಂದು ಕೇಳುತ್ತಾರೆ. ಅಂಥ ಪ್ರಶ್ನೆಗೆ ನಮ್ಮವರು ಯಾರೂ “ಯೆಸ್” ಎಂದು ಹೇಳಿ ಸಿಕ್ಕಿಹಾಕಿಕೊಳ್ಳಲಾರರು. ಬದಲಾಗಬೇಕಾದವರು ನಾವು ಮಾತ್ರ ಎಂದು ಎಲ್ಲ ಪುಸ್ತಕಗಳೂ ಹೇಳುವಾಗ, ಆ ಮನುಷ್ಯ ತಾನೂ ಒಂದು ಹೆಜ್ಜೆ ಈಚೆ ಬಂದದ್ದು ನನಗೆ ಬಹಳ ದೊಡ್ಡದೆನಿಸಿತು.

ಮುಂದಿನ ವಾರವೇ ಒಂದು ಸಂಜೆ ಅವಳ ದನಿ ಕೇಳಿ ನನ್ನ ಕೈಯ ಸೌಟು ನಿಂತಿತು. “ನೋ. ಶುಕ್ರವಾರಕ್ಕೆ ಆಗುವುದಿಲ್ಲ. ಮಂಗಳವಾರ ಕೊಡುತ್ತೇನೆ. ಶುಕ್ರವಾರವೇ ಬೇಕೆಂದರೆ ಕೊನೆಯ ಭಾಗ ಬಿಡಬೇಕಾಗುತ್ತದೆ, ಯಾವುದು ಮಾಡಲಿ?” ಇಂಗ್ಲಿಷಿನಲ್ಲೇ ಹೇಳಿದಳು, ನಗುತ್ತಲೇ ಹೇಳಿದಳು. ಆಚೆಯಿಂದ “ಗುಡ್, ಮಂಗಳವಾರ” ಎಂಬ ಉತ್ತರ ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ ನನಗೆ ಒಂದು ಕ್ಷಣ, ಓಡಿಹೋಗಿ ಅವಳ ಕೈಹಿಡಿದು ತಪ್ಪಾಯಿತು ಅನ್ನಿಸಬೇಕು ಎನಿಸಿತೆಂದರೆ ನಂಬುತ್ತೀರಾ? ಮೂವತ್ತು ವರ್ಷದ ಅಭ್ಯಾಸ.

ಮೀಟಿಂಗು ಮುಗಿಸಿ ಅಡುಗೆಮನೆಗೆ ಬಂದವಳನ್ನು, “ರಾಜ್ಯೋತ್ಸವದ ನಾಟಕಕ್ಕ ಗುರುವಾರ ಸಂಜೀಕ ತಾಲೀಮು ಅದ, ಬರ್ತೀಯೇನು?” ಎಂದು ಕೇಳಿದೆ.

“ನೋಡೋಣ ಅಮ್ಮಾ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಜೋರಾಗಿ ನಕ್ಕುಬಿಟ್ಟಳು.

“ಇಲ್ಲ, ಗುರುವಾರ ಆಗೂದಿಲ್ಲ. ಶನಿವಾರ ಇಟ್ಟರ ಖಂಡಿತ ಬರ್ತೀನಿ.”

ತಾಲೀಮನ್ನು ಶನಿವಾರ ಸಂಜೆ ಐದಕ್ಕೆ, ಸಂಘದ ಮೇಲಿನ ಹಾಲಿಗೆ ಬದಲಾಯಿಸಿದ್ದೇವೆ. ನೀವು ಬರುವವರಿದ್ದರೆ ಹೌದು ಎಂದೂ, ಬಾರದವರಿದ್ದರೆ ಇಲ್ಲ ಎಂದೂ ಗುರುವಾರದೊಳಗೆ ತಿಳಿಸಿ. ಗಿರ್ಮಿಟ್ಟು ಎಷ್ಟು ಜನಕ್ಕೆ ಕಲಸಬೇಕು ಎಂಬುದು ನನಗೆ ಗೊತ್ತಾಗಬೇಕು.